ಕಾಗದದಲ್ಲಿ ಮೂಡದ ದುಃಖ

ಕಳೆದ ಮಾಗಿಯಲ್ಲಿ, ಕಡಲೆಯ ಹೊಲಗಳಲ್ಲಿ ಹುಳಿಯ ಘಮಲು ತುಂಬಿದ್ದ ದಿನಗಳಲ್ಲಿ, ಅಣ್ಣಿಗೇರಿ ಸಮೀಪದ ಹಳ್ಳಿಯೊಂದಕ್ಕೆ ನಾವು ಶಿವಗಣಾರಾಧನೆಗೆಂದು ಹೋಗಿದ್ದೆವು. ಆ ಮನೆಯ ಹಿರಿಯ ಮಗ ಲಿಂಗೈಕ್ಯರಾಗಿ ಒಂದು ವರ್ಷ ತುಂಬಿತ್ತು. ಇನ್ನೂ ನಲವತ್ತೈದು ದಾಟದ ಮನುಷ್ಯ. ಎದೆನೋವೆಂದು ಹೊಲದ ಬದುವಿನ ಮೇಲೆ ಕುಳಿತವರು ಮತ್ತೆ ಮೇಲೇಳಲಿಲ್ಲ. ಜಂಗಮರ ಪಾದಪೂಜೆ ಮುಗಿದು ಪ್ರಸಾದಕ್ಕೆ ಪಂಕ್ತಿಗಳು ಕುಳಿತವು. ಅವರ ಧರ್ಮಪತ್ನಿ ಸೆರಗು ಬಿಗಿದುಕೊಂಡು ಮೂರೂ ಪಂಕ್ತಿಗೆ ತಾವೇ ನಿಂತು ಗೋಧಿಹುಗ್ಗಿ ಬಡಿಸಿದರು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮೆಚ್ಚುಗೆಯಿಂದ, "ಭಾಳ ಗಟ್ಟಿ ಜೀವರೀ. ಹೆಣ ಎತ್ತೂ ದಿನಾನೂ ಕಣ್ಣಾಗ ಹನಿ ನೀರ ತಗೀಲಿಲ್ಲ" ಎಂದರು. ನಾವೂ ತಲೆದೂಗಿದೆವು. ಆ ತಲೆದೂಗಿದ್ದಕ್ಕೆ ಇಂದು ನಮಗೆ ನಾಚಿಕೆಯಿದೆ.

ಇಳಿಹೊತ್ತಿಗೆ ಪಡಸಾಲೆಯಲ್ಲಿ ಕುಳಿತಿದ್ದಾಗ ಆ ತಾಯಿಯ ಮೈದುನ ಒಳಗಿನಿಂದ ದೊಡ್ಡದೊಂದು ಪ್ಲಾಸ್ಟಿಕ್ ಚೀಲ ತಂದು ನಮ್ಮ ಮುಂದಿಟ್ಟರು. "ವೈನಿಗೆ ತಲಿನೋವು, ನಿದ್ದಿ ಇಲ್ಲ, ಊಟ ಇಲ್ಲ. ಶಹರಕ್ಕ ಕರಕೊಂಡ ಹೋಗಿ ತಲಿ ತೋರಿಸಿದಿವ್ರಿ. ಎಲ್ಲಾ ನಾರ್ಮಲ್ ಅದ ಅಂದ್ರು. ಏನೂ ಇಲ್ಲಂದ ಮ್ಯಾಲ ಮತ್ಯಾಕ ಹಿಂಗ ಅಂತೀನಿ ನಾನು" ಎಂದು ಹೇಳಿದರು. ಚೀಲದೊಳಗೆ ಇದ್ದುದು ಇ.ಇ.ಜಿ. ಪರೀಕ್ಷೆಯ ಹಾಳೆಗಳು. ಒಂದರ ಕೆಳಗೊಂದು ಹದಿನಾರು ಸಾಲು ಗೀರುಗೆರೆಗಳು, ಯರೆ ಹೊಲದಲ್ಲಿ ಕೂರಿಗೆ ಎಳೆದ ಸಾಲುಗಳಂತೆ ಪುಟದಿಂದ ಪುಟಕ್ಕೆ ಹರಿದಿದ್ದವು. ಕಡೆಯ ಹಾಳೆಯಲ್ಲಿ ಎರಡು ಸಾಲಿನ ಷರಾ. ಬಾಗಿಲ ಮರೆಯಲ್ಲಿ ನಿಂತಿದ್ದ ಆ ತಾಯಿ ಅಲ್ಲಿಂದಲೇ ಕೇಳಿದರು: "ಅಣ್ಣಾರ, ನೀವು ಓದಿದವರು, ಬರಿಯವರು. ಈ ಕಾಗದದಾಗ ನನ್ನ ದುಃಖ ಯಾಕ ಬಂದಿಲ್ಲರೀ?"

ನಮಗೆ ಉತ್ತರ ತಿಳಿದಿರಲಿಲ್ಲ. ಊರಿಗೆ ಮರಳಿದ ಮೇಲೆ ಬಲ್ಲವರನ್ನು ಕೇಳಿದೆವು, ಸಿಕ್ಕಷ್ಟು ಗ್ರಂಥಗಳನ್ನು ಓದಿದೆವು. ಅಂದು ಆ ತಾಯಿಗೆ ಕೊಡಲಾಗದ ಉತ್ತರವನ್ನು, ಅಂತಹ ಚೀಲ ಜಗಲಿಯ ಮೇಲೆಯೋ ಟ್ರಂಕಿನ ತಳದಲ್ಲಿಯೋ ಇರುವ ಎಲ್ಲ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಭಯವನ್ನು ನಿವಾರಿಸಬೇಕು. ನವಲಗುಂದ, ಕುಂದಗೋಳ, ಕಲಘಟಗಿಯ ಕಡೆಯ ಎಷ್ಟೋ ಮನೆಗಳಲ್ಲಿ ಇ.ಇ.ಜಿ. ಎಂದರೆ 'ತಲೆಗೆ ಕರೆಂಟ್ ಕೊಡುವುದು' ಎಂಬ ತಪ್ಪು ತಿಳಿವಳಿಕೆ ಬೇರೂರಿದೆ. ಈ ಪರೀಕ್ಷೆಯಲ್ಲಿ ತಲೆಯೊಳಗೆ ಯಾವ ವಿದ್ಯುತ್ತನ್ನೂ ಹಾಯಿಸುವುದಿಲ್ಲ; ಮಿದುಳು ತಾನಾಗಿ ಹೊರಸೂಸುವ ವಿದ್ಯುತ್ತನ್ನು ಬರೆದುಕೊಳ್ಳುವುದಷ್ಟೇ. ನಾಡಿ ಹಿಡಿದ ವೈದ್ಯ ನಾಡಿಗೆ ಏನನ್ನೂ ಸೇರಿಸುವುದಿಲ್ಲವಷ್ಟೆ, ಇದೂ ಹಾಗೆಯೇ. ತಲೆಯ ಮೇಲೆ ಗೊತ್ತಾದ ಸ್ಥಾನಗಳಲ್ಲಿ ಇಪ್ಪತ್ತರಷ್ಟು ಸಣ್ಣ ಲೋಹದ ಬಿಲ್ಲೆಗಳನ್ನು ಅಂಟಿನಿಂದ ಅಂಟಿಸುತ್ತಾರೆ. ಅದಕ್ಕಾಗಿಯೇ ಹಿಂದಿನ ದಿನ ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬರಲು ಹೇಳುವುದು. ಕೊಬ್ಬರಿ ಎಣ್ಣೆಯಿಲ್ಲದೆ ಹೊಸ್ತಿಲು ದಾಟದ ನಮ್ಮ ಹೆಣ್ಣುಮಕ್ಕಳಿಗೆ ಇದೇ ದೊಡ್ಡ ಕಷ್ಟವೆಂದು ಒಬ್ಬ ಶುಶ್ರೂಷಕಿ ನಗುತ್ತ ಹೇಳಿದರು.

ಮಿದುಳಿನ ಈ ವಿದ್ಯುತ್ತು ಎಷ್ಟು ಅಲ್ಪವೆಂದರೆ, ಟಾರ್ಚಿನ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು ೩೦ ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು, ಅಂದರೆ ೫೦ ಮೈಕ್ರೋವೋಲ್ಟ್, ನೆತ್ತಿಯ ಮೇಲೆ ಸಿಗುವ ಸಾಮಾನ್ಯ ಪ್ರಮಾಣ. ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್ ೧೮೭೫ರಲ್ಲಿ ಮೊಲ ಮತ್ತು ಮಂಗಗಳ ಮಿದುಳಿನಲ್ಲಿ ಇದನ್ನು ಕಂಡಿದ್ದರು. ಮನುಷ್ಯನ ತಲೆಯಿಂದ ಮೊದಲು ಬರೆದುಕೊಂಡವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ೧೯೨೪ರಲ್ಲಿ ಕಂಡದ್ದನ್ನು ಐದು ವರ್ಷ ತಮ್ಮಲ್ಲಿಯೇ ಇಟ್ಟುಕೊಂಡು ೧೯೨೯ರಲ್ಲಿ ಪ್ರಕಟಿಸಿದರು.

ಈ ಬರ್ಗರ್ ಅವರ ಕಥೆಯನ್ನು ನಮ್ಮ ಓದುಗರು ತಿಳಿಯಲೇಬೇಕು. ಯೌವನದಲ್ಲಿ ಸೈನ್ಯದಲ್ಲಿದ್ದಾಗ ಅವರು ಕುದುರೆಯಿಂದ ಬಿದ್ದು, ಬರುತ್ತಿದ್ದ ತೋಪಿನ ಗಾಡಿಯ ಗಾಲಿಗೆ ಸಿಕ್ಕುವುದರಲ್ಲಿದ್ದು ಕೂದಲೆಳೆಯಲ್ಲಿ ಉಳಿದರು. ಅದೇ ದಿನ ಸಂಜೆ ದೂರದ ಮನೆಯಿಂದ ತಂದೆಯ ತಂತಿ ಬಂದಿತು. ಹಾನ್ಸ್‌ಗೇನೋ ಆಪತ್ತಾಗಿದೆ ಎಂದು ಅವರ ಸಹೋದರಿ ಹಟ ಹಿಡಿದು ತಂತಿ ಕೊಡಿಸಿದ್ದಳಂತೆ. ತನ್ನ ಭೀತಿ ಸಹೋದರಿಯನ್ನು ಹೇಗೆ ಮುಟ್ಟಿತು ಎಂಬ ಪ್ರಶ್ನೆಯೇ ಬರ್ಗರ್ ಅವರನ್ನು ಮಿದುಳಿನ ಶಕ್ತಿಯ ಶೋಧನೆಗೆ ಹಚ್ಚಿತು. ಮನಸ್ಸಿನಿಂದ ಮನಸ್ಸಿಗೆ ಹರಿಯುವ ಶಕ್ತಿಯೇನೂ ಅವರಿಗೆ ಸಿಕ್ಕಲಿಲ್ಲ. ಸಿಕ್ಕಿದ್ದು, ಕಣ್ಣು ಮುಚ್ಚಿ ವಿಶ್ರಮಿಸಿದಾಗ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ 'ಆಲ್ಫಾ' ಎಂಬ ಅಲೆ. ಭಾವನೆಯನ್ನು ಹುಡುಕಹೊರಟವರ ಕೈಗೆ ವಿಶ್ರಾಂತಿಯ ಅಲೆ ಬಂದಿತೆನ್ನಬಹುದು. ಆ ಮಹನೀಯರೇ ಮುಂದೆ ತೀವ್ರ ಖಿನ್ನತೆಗೆ ಒಳಗಾಗಿ ೧೯೪೧ರಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂಬುದನ್ನು ಓದಿದಾಗ ನಮಗೆ ಅಣ್ಣಿಗೇರಿಯ ಆ ತಾಯಿಯ ಪ್ರಶ್ನೆ ಮತ್ತೆ ನೆನಪಾಯಿತು.

ಹಾಗಾದರೆ ಆಸ್ಪತ್ರೆಯ ಇ.ಇ.ಜಿ. ಏನನ್ನು ನೋಡುತ್ತದೆ? ಇಪ್ಪತ್ತು ಮೂವತ್ತು ನಿಮಿಷ ಮಲಗಿಸಿ, ಕಣ್ಣು ತೆರೆ, ಮುಚ್ಚು ಎನ್ನುತ್ತಾರೆ; ಕೆಲವು ನಿಮಿಷ ದೀರ್ಘವಾಗಿ ಉಸಿರಾಡಿಸುತ್ತಾರೆ; ದೀಪವನ್ನು ಮಿನುಗಿಸುತ್ತಾರೆ. ವೈದ್ಯರು ಆ ಗೆರೆಗಳಲ್ಲಿ ಮುಖ್ಯವಾಗಿ ಹುಡುಕುವುದು ಮೂರ್ಛೆರೋಗದ ಮುಳ್ಳಿನಂತಹ ಗುರುತುಗಳನ್ನು, ಮಿದುಳಿಗೆ ಸೋಂಕೋ ನಂಜೋ ತಗುಲಿದಾಗ ಅಲೆಗಳು ಮಂದವಾಗುವುದನ್ನು, ನಿದ್ರೆಯ ದೋಷಗಳನ್ನು. ಈ ಕೆಲಸದಲ್ಲಿ ಅದು ಬಹು ಉಪಕಾರಿ. ಮೂರ್ಛೆರೋಗದ ಮಕ್ಕಳನ್ನು ಗಾಳಿ ಸೋಕಿತೆಂದು ಗುಡಿಗುಂಡಾರಗಳಿಗೆ ತಿರುಗಿಸುತ್ತಿದ್ದ ಕಾಲದಿಂದ ನಾವು ಈಚೆಗೆ ಬರಲು ಈ ಯಂತ್ರವೂ ಒಂದು ಕಾರಣ. ಮೂರ್ಛೆ ಇದ್ದವರಲ್ಲಿಯೂ ಒಮ್ಮೊಮ್ಮೆ ವರದಿ 'ನಾರ್ಮಲ್' ಎಂದೇ ಬರುವುದುಂಟು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಆದರೆ ಶೋಕ, ಚಿಂತೆ, ಖಿನ್ನತೆ ಇವುಗಳನ್ನು ನಿರ್ಣಯಿಸುವ ಪರೀಕ್ಷೆ ಅದಲ್ಲ. ಅಲ್ಲಿ 'ನಾರ್ಮಲ್' ಎಂಬ ಷರಾದ ಅರ್ಥ ಇಷ್ಟೇ: ನಾವು ಹುಡುಕಿದ ಗುರುತುಗಳು ಕಾಣಲಿಲ್ಲ. ಬಾವಿಯ ನೀರಿನಲ್ಲಿ ಉಪ್ಪಿದೆಯೇ ಎಂದು ಪರೀಕ್ಷಿಸಿ ಇಲ್ಲವೆಂದರೆ, ಬಾವಿಯಲ್ಲಿ ನೀರು ಸಾಕಷ್ಟಿದೆ ಎಂದು ಯಾರೂ ತಿಳಿಯುವುದಿಲ್ಲ. ಕಾಗದದ ಮೇಲಿನ ಈ ಒಂದು ಪದವನ್ನು ಮಾತ್ರ ನಾವು 'ಇವಳಿಗೆ ಏನೂ ಆಗಿಲ್ಲ' ಎಂದು ಓದುತ್ತೇವೆ. ಅಲ್ಲಿಂದ 'ಇದು ಸೋಗು' ಎಂಬ ಮಾತಿಗೆ ಒಂದೇ ಮೆಟ್ಟಿಲು.

ಹಾಗೆಂದು ಭಾವನೆಗೆ ಮಿದುಳು ವಿದ್ಯುತ್ತಿನಲ್ಲಿ ಉತ್ತರ ಕೊಡುವುದೇ ಇಲ್ಲವೇ? ಕೊಡುತ್ತದೆ, ನಾವು ಬಾಯಿ ತೆರೆಯುವ ಮುನ್ನವೇ ಕೊಡುತ್ತದೆ. ಆದರೆ ಆ ಉತ್ತರ ಅತಿ ಸಣ್ಣದು. ಮಿದುಳಿನ ನಿರಂತರವಾದ ಗದ್ದಲದಲ್ಲಿ ಮುಳುಗಿರುತ್ತದೆ. ನವಲಗುಂದದ ನೀಲಮ್ಮನ ಕೆರೆಯ ದಂಡೆಯ ಮೇಲೆ ಗಾಳಿಯ ದಿನ ನಿಂತಿದ್ದೇವೆಂದು ಊಹಿಸಿರಿ. ನೀರೆಲ್ಲ ತೆರೆತೆರೆಯಾಗಿದೆ. ಹುಡುಗನೊಬ್ಬ ಹರಳು ಎಸೆಯುತ್ತಾನೆ. ಹರಳೆಬ್ಬಿಸಿದ ಉಂಗುರ ಗಾಳಿಯ ತೆರೆಯಲ್ಲಿ ಕಾಣುವುದಿಲ್ಲ. ಅವನು ಅದೇ ಸ್ಥಳಕ್ಕೆ ಐವತ್ತು ಸಲ ಎಸೆಯಲಿ, ಪ್ರತಿ ಸಲ ಹರಳು ಬಿದ್ದ ಅರ್ಧ ಸೆಕೆಂಡಿಗೆ ಸರಿಯಾಗಿ ಒಂದು ಚಿತ್ರ ತೆಗೆಯಿರಿ, ಐವತ್ತನ್ನೂ ಒಂದರ ಮೇಲೊಂದು ಇಡಿರಿ. ಗಾಳಿಯ ತೆರೆ ಒಂದರಲ್ಲಿ ಏರಿದ್ದರೆ ಇನ್ನೊಂದರಲ್ಲಿ ಇಳಿದಿರುತ್ತದೆ. ಅವು ಪರಸ್ಪರ ಅಳಿಸಿಹೋಗುತ್ತವೆ. ಉಂಗುರ ಮಾತ್ರ ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಇರುವುದರಿಂದ ಸ್ಪಷ್ಟವಾಗಿ ಎದ್ದು ಬರುತ್ತದೆ. ಲಂಡನ್ನಿನ ಜಾರ್ಜ್ ಡಾಸನ್ ೧೯೪೦ರ ದಶಕದ ಕೊನೆಯಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ: ಅಲೆಗಳ ಛಾಯಾಚಿತ್ರಗಳನ್ನು ಒಂದರ ಮೇಲೊಂದು ಇಟ್ಟರು, ಬಳಿಕ ಅವುಗಳನ್ನು ಕೂಡಿಸುವ ಯಂತ್ರವನ್ನೇ ರಚಿಸಿದರು. ಈಗ ಆ ಕೆಲಸವನ್ನು ಗಣಕಯಂತ್ರ ಮಾಡುತ್ತದೆ.

ಹೀಗೆ ಗದ್ದಲವನ್ನು ಸೋಸಿದ ಮೇಲೆ ಕಂಡ ಸಂಗತಿಗಳು ಬೆರಗು ಹುಟ್ಟಿಸುತ್ತವೆ. ಮನುಷ್ಯನ ಮುಖವೊಂದು ಕಣ್ಣಿಗೆ ಬಿದ್ದರೆ, ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದಲ್ಲಿ ೧೭೦ನೆಯ ಪಾಲಿನ ಹೊತ್ತಿಗೆ ಮಿದುಳಿನ ಹಿಂಭಾಗದಲ್ಲಿ ಅದಕ್ಕೇ ಮೀಸಲಾದಂತಹ ಅಲೆ ಏಳುತ್ತದೆ. ೩೦೦ರ ಸುಮಾರಿಗೆ ಇನ್ನೊಂದು. ನಿರೀಕ್ಷಿಸದ್ದು ಬಂದಾಗ ಅದು ಎತ್ತರಕ್ಕೇರುತ್ತದೆ. ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ಕೇಳಿದವರಿಗೆ ಇದು ಅನುಭವದ ಮಾತು. ಬೆಳಗಿನ ಜಾವದ ತೂಕಡಿಕೆಯಲ್ಲಿಯೂ ತಬಲೆಯ ಠೇಕಾ ಒಂದು ಮಾತ್ರೆ ತಪ್ಪಿದರೆ ರಸಿಕನ ತಲೆ ಫಕ್ಕನೆ ಮೇಲೇಳುತ್ತದೆ. ಈ ಅಲೆಯನ್ನು ೧೯೬೫ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು ವರ್ಣಿಸಿದರು.

ನಮ್ಮ ವಿಷಯಕ್ಕೆ ಬೇಕಾದುದು ಇವುಗಳ ಹಿಂದೆ ಬರುವ ಒಂದು ನಿಧಾನದ ಅಲೆ. ಫ್ಲಾರಿಡಾ ವಿಶ್ವವಿದ್ಯಾಲಯದ ಪೀಟರ್ ಲ್ಯಾಂಗ್ ಮತ್ತು ಅವರ ಶಿಷ್ಯರು ನೂರಾರು ಛಾಯಾಚಿತ್ರಗಳ ಒಂದು ಭಂಡಾರವನ್ನು ಸಿದ್ಧಪಡಿಸಿದ್ದರು. ಅದರಲ್ಲಿ ನಗುವ ಕೂಸೂ ಉಂಟು, ಗಾಯಗೊಂಡ ದೇಹವೂ ಉಂಟು, ಬರಿಯ ಕುರ್ಚಿ ಬುಟ್ಟಿಗಳೂ ಉಂಟು. ಒಂದೊಂದನ್ನೂ ತೋರಿಸಿ ಅಲೆಯನ್ನು ಬರೆದುಕೊಂಡಾಗ, ಚಿತ್ರ ಕಂಡ ಸುಮಾರು ಮೂರನೆಯ ಒಂದು ಸೆಕೆಂಡಿನ ಬಳಿಕ ನೆತ್ತಿಯ ನಡುವೆ ಒಂದು ಅಲೆ ಎದ್ದು, ಚಿತ್ರ ಕಣ್ಮುಂದೆ ಇರುವವರೆಗೂ ಇಳಿಯದೆ ನಿಲ್ಲುವುದು ಕಂಡಿತು. ಕುರ್ಚಿಗೆ ಅದು ಅಲ್ಪ. ಕೂಸಿಗೂ ಗಾಯಕ್ಕೂ ಎತ್ತರ. ಅಂದರೆ ಸುಖವೋ ದುಃಖವೋ ಎಂಬುದನ್ನು ಆ ಅಲೆ ಹೇಳುವುದಿಲ್ಲ; 'ಇದು ನನಗೆ ಸಂಬಂಧಿಸಿದ್ದು' ಎಂದು ಮನಸ್ಸು ಹಿಡಿದುಕೊಂಡಿರುವುದನ್ನು ಹೇಳುತ್ತದೆ. ಪಂಡಿತರು ಅದಕ್ಕೆ ಇಟ್ಟ ಹೆಸರಿನ ಅರ್ಥ 'ತಡವಾಗಿ ಏಳುವ ಧನ ಅಲೆ' ಎಂದು. ನಾವು ಸರಳವಾಗಿ 'ತಡದ ಅಲೆ' ಎನ್ನೋಣ.

ಈ ಅಲೆಯನ್ನು ಮನುಷ್ಯ ತನ್ನ ತಿಳಿವಿನಿಂದ ತಗ್ಗಿಸಬಲ್ಲನೇ? ೨೦೦೬ರಲ್ಲಿ ಗ್ರೆಗ್ ಹೈಚಾಕ್ ಮತ್ತು ಸಾಂಡರ್ ನ್ಯೂವೆನ್‌ಹಾಯ್ಸ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಅಪ್ರಿಯವಾದ ಚಿತ್ರವನ್ನು ತೋರಿಸಿ, ಅದನ್ನು ಅಷ್ಟು ಕಠೋರವಲ್ಲದ ಬೇರೊಂದು ಅರ್ಥದಲ್ಲಿ ಕಾಣಲು ಹೇಳಿದಾಗ ತಡದ ಅಲೆ ತಗ್ಗಿತು. ಯಾರಲ್ಲಿ ಅಲೆ ಹೆಚ್ಚು ತಗ್ಗಿತೋ ಅವರು ತಮ್ಮ ಕಳವಳವೂ ಹೆಚ್ಚು ಇಳಿಯಿತೆಂದು ಹೇಳಿದರು. ಎರಡು ವರ್ಷಗಳ ನಂತರ ನಡೆದ ಇನ್ನೊಂದು ಪ್ರಯೋಗದಲ್ಲಿ, ಚಿತ್ರಕ್ಕಿಂತ ಮೊದಲು ಕೇಳಿಸಿದ ವಿವರಣೆ ಸೌಮ್ಯವಾಗಿದ್ದರೆ ಅದೇ ಚಿತ್ರಕ್ಕೆ ಅಲೆ ಕಡಿಮೆ ಏಳುವುದೂ ಕಂಡಿತು.

ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. 'ಸಂಗ್ಯಾ ಬಾಳ್ಯಾ' ಸಣ್ಣಾಟದಲ್ಲಿ ಸಂಗ್ಯಾನ ಕೊಲೆಯ ಹೊತ್ತಿಗೆ ಅಜ್ಜಿಯ ತೊಡೆಯ ಮೇಲಿನ ಕೂಸು ಚೀರುತ್ತದೆ. ಅಜ್ಜಿ ಹೇಳುತ್ತಾಳೆ, "ಅಳಬ್ಯಾಡ ನನ್ನವ್ವ, ಅದು ಬಣ್ಣ. ಆಟ ಮುಗದ ಮ್ಯಾಲ ಅವ ಚಾದ ಅಂಗಡ್ಯಾಗ ಕುಂದ್ರತಾನ, ನೋಡಿಯಂತ." ಕೂಸಿನ ಬಿಕ್ಕು ಇಳಿಯುತ್ತದೆ, ಕಣ್ಣು ಮಾತ್ರ ರಂಗದ ಮೇಲೆಯೇ ಇರುತ್ತದೆ. ಅಜ್ಜಿ ಕೂಸಿನ ಬಾಯಿಯನ್ನು ಮುಚ್ಚಲಿಲ್ಲ, ಕಂಡದ್ದರ ಅರ್ಥವನ್ನು ಬದಲಿಸಿದಳು. ಇವೆರಡಕ್ಕೂ ಇರುವ ಅಂತರವೇ ಈ ಲೇಖನದಲ್ಲಿ ನಾವು ಒತ್ತಿ ಹೇಳಬೇಕೆಂದಿರುವ ಮಾತು.

ಬಾಯಿ ಮುಚ್ಚಿಸಿದರೆ ಏನಾಗುತ್ತದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ ಮತ್ತು ಬರ್ಕ್ಲಿಯ ರಾಬರ್ಟ್ ಲೆವೆನ್‌ಸನ್ ೧೯೯೩ ಮತ್ತು ೧೯೯೭ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವರಿಗೆ ಜುಗುಪ್ಸೆಯ, ದುಃಖದ ಚಲನಚಿತ್ರಗಳನ್ನು ತೋರಿಸಿದರು. ಅರ್ಧ ಜನಕ್ಕೆ, ಎದುರಿಗೆ ಕುಳಿತವರಿಗೆ ತಿಳಿಯದಂತೆ ಮುಖದ ಮೇಲೆ ಏನನ್ನೂ ತೋರಗೊಡಬೇಡಿರೆಂದು ಹೇಳಿದರು. ಅವರು ಹಾಗೆಯೇ ಮಾಡಿದರು. ಮುಖ ಕಲ್ಲಿನಂತೆ ಉಳಿಯಿತು. ಆದರೆ ಒಳಗಿನ ಜುಗುಪ್ಸೆ, ದುಃಖ ಎಳ್ಳಷ್ಟೂ ಇಳಿಯಲಿಲ್ಲ. ಚರ್ಮದ ಬೆವರು, ರಕ್ತನಾಳಗಳ ಬಿಗಿತ ಮೊದಲಾದವು ಮುಚ್ಚಿಟ್ಟುಕೊಳ್ಳದವರಿಗಿಂತ ಹೆಚ್ಚಾಗಿ ಏರಿದ್ದವು. 'ಹೆಣ ಎತ್ತೂ ದಿನಾನೂ ಕಣ್ಣಾಗ ಹನಿ ನೀರ ತಗೀಲಿಲ್ಲ' ಎಂದು ನಾವು ಹೊಗಳುವಾಗ ಹೊಗಳುತ್ತಿರುವುದು ಇದನ್ನೇ.

ಗಂಡಸರ ಸ್ಥಿತಿಯೂ ಬೇರೆಯಲ್ಲ. ಮಳೆ ಕೈಕೊಟ್ಟ ವರ್ಷ ಹೆಸರು, ಹತ್ತಿ, ಮೆಣಸಿನಕಾಯಿ ಒಣಗುತ್ತಿರುವುದನ್ನು ಕಾಣುತ್ತ ನಿಂತ ರೈತ ಸಂಜೆ ಅಗಸಿಕಟ್ಟೆಯ ಮೇಲೆ ನಗುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಾನೆ. ಮನೆಯವರಿಗೆ ಸಾಲದ ಲೆಕ್ಕ ತಿಳಿಯುವುದು ತೀರ ತಡವಾಗಿ. ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ೨೦೨೩ರಲ್ಲಿ ಇಂತಹ ನಗೆಯನ್ನು ನಾವು ಬಹಳ ಕಂಡೆವು.

ಅರ್ಥ ಬದಲಿಸುವುದೆಂದರೆ 'ಮರ್ತಬಿಡವ್ವಾ, ಆದದ್ದಾತು' ಎನ್ನುವುದೂ ಅಲ್ಲ. ಪ್ರಯೋಗಶಾಲೆಯ ಚಿತ್ರ ಅನ್ಯರದು. ತೀರಿಹೋದ ಗಂಡ ತನ್ನವನು. ಅನ್ಯರ ಗಾಯದ ಚಿತ್ರವನ್ನು ನಾಟಕವೆಂದು ತಿಳಿಯಬಹುದು, ಬರಿದಾದ ಹಾಸಿಗೆಯನ್ನು ಹಾಗೆ ತಿಳಿಯಲಾಗದು. ಅದಕ್ಕೆ ಬೇರೊಂದು ಅರ್ಥ ಹೊಳೆಯಬೇಕಾದರೆ ದುಃಖಿತರು ಮೊದಲು ಮಾತನಾಡಬೇಕು, ಕೇಳುವವರು ಇರಬೇಕು, ಕಾಲವೂ ಬೇಕು. ನಮ್ಮಲ್ಲಿ ಆ ಮೂರೂ ವಿರಳವಾಗುತ್ತಿವೆ.

ಇನ್ನೊಂದು ಸಂಗತಿ. ಖಿನ್ನತೆ ಆಳವಾದವರಲ್ಲಿ ಭಾವದ ಚಿತ್ರಗಳಿಗೆ ತಡದ ಅಲೆ ಸಾಮಾನ್ಯರಿಗಿಂತ ಕಡಿಮೆ ಏಳುವುದನ್ನು, ಗೆಲುವು ಲಾಭಗಳಿಗೆ ಮಿದುಳು ಕೊಡುವ ವಿದ್ಯುತ್ ಉತ್ತರ ಮಂದವಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಖಿನ್ನತೆಯೆಂದರೆ ಸದಾ ಅಳುವುದೆಂದು ತಿಳಿದವರಿಗೆ ಇದು ಉಪಯುಕ್ತ ಮಾಹಿತಿ. ಮೊಮ್ಮಗ ನಡೆಯಲು ಕಲಿತರೂ, ಕಡಲೆಗೆ ಒಳ್ಳೆಯ ಧಾರಣಿ ಬಂದರೂ ಮುಖದಲ್ಲಿ ಏನೂ ಚಿಗುರದಿದ್ದರೆ ಅದು ಸೊಕ್ಕಲ್ಲ, ವೈರಾಗ್ಯವೂ ಅಲ್ಲ, ರೋಗವಿರಬಹುದು.

ಆದರೆ ಇವೆಲ್ಲವೂ ಬಹು ಜನರ ಸರಾಸರಿಯಿಂದ ತಿಳಿದ ಮಾತುಗಳು. ಒಬ್ಬ ವ್ಯಕ್ತಿಯನ್ನು ಕೂರಿಸಿ, ಅಲೆಯನ್ನು ನೋಡಿ, ಈತನ ಮನಸ್ಸಿನಲ್ಲಿ ಇಂತಹುದಿದೆ ಎಂದು ಹೇಳಲು ಬರುವುದಿಲ್ಲ. ಈ ಮಿತಿಯನ್ನು ಮರೆತದ್ದು ನಮ್ಮ ಹಳ್ಳಿಯ ಮೈದುನರೊಬ್ಬರೇ ಅಲ್ಲ, ಸರಕಾರವೂ ಮರೆತಿತ್ತು. ಆರೋಪಿಗಳ ತಲೆಗೆ ಬಿಲ್ಲೆ ಅಂಟಿಸಿ, ಅಪರಾಧದ ವಿವರಗಳನ್ನು ಕೇಳಿಸಿ, ಏಳುವ ಅಲೆಯಿಂದ ಅವರ ನೆನಪನ್ನು ಓದುತ್ತೇವೆಂದು ಹೊರಟ 'ಬ್ರೇನ್ ಮ್ಯಾಪಿಂಗ್' ಪರೀಕ್ಷೆಗಳು ೨೦೦೦ದ ನಂತರ ದೇಶದ ಹಲವೆಡೆ ನಡೆದವು. ೨೦೦೮ರಲ್ಲಿ ಪುಣೆಯ ನ್ಯಾಯಾಲಯವೊಂದು ಅಂತಹ ಪರೀಕ್ಷೆಯನ್ನೂ ಆಧಾರವಾಗಿಟ್ಟುಕೊಂಡು ಶಿಕ್ಷೆ ವಿಧಿಸಿತು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿಯು ಈ ವಿಧಾನಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದಿತು. ಕೊನೆಗೆ ೨೦೧೦ರ ಮೇ ೫ರಂದು, ನಮ್ಮ ರಾಜ್ಯದ್ದೇ ಆದ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಈ ಮೂರನ್ನೂ ಯಾರ ಮೇಲೆಯೂ ಅವರ ಒಪ್ಪಿಗೆಯಿಲ್ಲದೆ ಬಲವಂತದಿಂದ ಮಾಡಕೂಡದೆಂದು ತೀರ್ಪಿತ್ತಿತು. ಮನಸ್ಸಿನ ಒಳಮನೆ ಅವರವರದೇ ಎಂಬುದನ್ನು ಸಂವಿಧಾನದ ೨೦(೩) ಮತ್ತು ೨೧ನೆಯ ವಿಧಿಗಳ ಆಧಾರದ ಮೇಲೆ ನ್ಯಾಯಾಲಯ ಎತ್ತಿಹಿಡಿಯಿತು. ಈಗಲೂ ಇದೇ ಹೆಸರಿನಿಂದ ಚಿಂತೆಯನ್ನೋ ಮಕ್ಕಳ ಬುದ್ಧಿಯನ್ನೋ ಓದಿ ಹೇಳುತ್ತೇವೆಂದು ಹಣ ಕೇಳುವವರು ಪೇಟೆಯಲ್ಲಿ ಇದ್ದಾರೆ. ಓದುಗರು ಆ ಹಣವನ್ನು ಬೀಜಗೊಬ್ಬರಕ್ಕೆ ಇಟ್ಟುಕೊಳ್ಳುವುದು ಲೇಸು.

ನಮ್ಮ ಪತ್ರಿಕೆಯ ಓದುಗರು ಸಹಜವಾಗಿ ಕೇಳುವ ಪ್ರಶ್ನೆ, ಧ್ಯಾನದ ಕುರಿತು ಈ ಯಂತ್ರ ಏನು ಹೇಳುತ್ತದೆ ಎಂಬುದು. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ಬಿ. ಕೆ. ಆನಂದ, ಜಿ. ಎಸ್. ಛೀನಾ, ಬಲದೇವ ಸಿಂಗ್ ಅವರು ೧೯೬೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಧಿಸ್ಥರಾದ ಯೋಗಿಗಳಿಗೆ ಬೆಳಕು, ಶಬ್ದ, ಬಿಸಿ ತಾಗಿಸಿದರೂ ಆಲ್ಫಾ ಅಲೆ ಕದಲಲಿಲ್ಲವೆಂದು ಬರೆದರು. ಅದೇ ಅಧ್ಯಯನದಲ್ಲಿ ಇಬ್ಬರು ಯೋಗಿಗಳು ನಾಲ್ಕು ಡಿಗ್ರಿಯಷ್ಟು ತಣ್ಣನೆಯ ನೀರಿನಲ್ಲಿ ಮುಕ್ಕಾಲು ಗಂಟೆಗೂ ಮೀರಿ ಕೈಯಿಟ್ಟಿದ್ದರು. ೨೦೧೧ರಲ್ಲಿ ನಿಮ್ಹಾನ್ಸ್ ವೈದ್ಯರು ಎಂ.ಆರ್.ಐ. ಯಂತ್ರದಲ್ಲಿ ನಡೆಸಿದ ಸಣ್ಣ ಪ್ರಯೋಗದಲ್ಲಿ ಓಂಕಾರವನ್ನು ಉಚ್ಚರಿಸುವಾಗ ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿತು. ಬರಿದೆ 'ಸ್ಸ್' ಎಂದಾಗ ಹಾಗಾಗಲಿಲ್ಲ. ಇವು ಸಂತೋಷದ ಸಂಗತಿಗಳೇ. ಆದರೆ ಕೆಲವೇ ಜನರ ಮೇಲೆ ನಡೆದ ಪ್ರಯೋಗಗಳು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತವರಿಗೆ ಯಂತ್ರದ ಪ್ರಮಾಣಪತ್ರ ಬೇಕಾಗಿಲ್ಲ. ಹಾಗೆಯೇ ಪೂಜೆ ಮಾಡುವವರಿಗೆ ಖಿನ್ನತೆ ಬರದೆಂದೂ, ಬಂದರೆ ಭಕ್ತಿಯ ಕೊರತೆಯೆಂದೂ ಹೇಳುವುದು ತಪ್ಪು. ಆ ತಾಯಿ ದಿನವೂ ಪೂಜೆ ತಪ್ಪಿಸಿದವರಲ್ಲ.

ಹಾಗಾದರೆ ದುಃಖವನ್ನು ಅಳೆಯುವವರು ಯಾರು? ನುರಿತ ವೈದ್ಯರು, ಪ್ರಶ್ನೆ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ಆರು ತಿಂಗಳು ಮೀರಿಯೂ ಬದುಕನ್ನು ಕುಗ್ಗಿಸುವ ದೀರ್ಘ ಶೋಕಕ್ಕೆ ಪ್ರತ್ಯೇಕ ಸ್ಥಾನವಿದೆ. ಅದನ್ನು ಗುರುತಿಸಲು ಯಾವ ಯಂತ್ರವೂ ಬೇಡ. ನಿದ್ರೆ, ಹಸಿವು, ಕೆಲಸ, ಸಾವಿನ ಆಲೋಚನೆ ಇವುಗಳ ವಿಚಾರಣೆ ಬೇಕು. ನಮ್ಮ ಜಿಲ್ಲೆಯವರು ಇದಕ್ಕಾಗಿ ದೂರ ಹೋಗಬೇಕಾದ್ದಿಲ್ಲ. ಧಾರವಾಡದಲ್ಲಿಯೇ ಬ್ರಿಟಿಷರ ಕಾಲದಿಂದ ಬಂದ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆಯಾಗಿದೆ. 'ಇವನ್ನ ಧಾರವಾಡಕ್ಕ ಕಳಸಬೇಕ' ಎಂದು ನಾವು ಹಾಸ್ಯಕ್ಕೆ ಆಡುವ ಮಾತೇ ಎಷ್ಟೋ ಜನರನ್ನು ಆ ಬಾಗಿಲಿನಿಂದ ದೂರವಿಟ್ಟಿದೆ. ಆ ಹಾಸ್ಯವನ್ನು ಬಿಡಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಿದೆ. ಹೋಗುವ ಮುನ್ನ ವಿಚಾರಿಸಿಕೊಳ್ಳಿರಿ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಫೋನ್ ಮಾಡಿದರೆ ಹಗಲಿರುಳೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಜೀವ ಬೇಡವೆಂಬ ಮಾತು ಮನೆಯಲ್ಲಿ ಯಾರ ಬಾಯಿಂದಾದರೂ ಬಂದರೆ ಮಂಗಳವಾರಕ್ಕೆ ಕಾಯಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಿರಿ.

ಯುಗಾದಿ ಕಳೆದ ಮೇಲೆ ನಾವು ಮತ್ತೆ ಆ ಹಳ್ಳಿಗೆ ಹೋಗಿ, ತಿಳಿದಷ್ಟನ್ನು ಆ ತಾಯಿಗೂ ಮೈದುನರಿಗೂ ಹೇಳಿದೆವು. ಕೆರೆಯ ಹರಳಿನ ದೃಷ್ಟಾಂತ ಮೈದುನರಿಗೆ ಒಪ್ಪಿಗೆಯಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನಾ ಸುಳ್ಳ ಬೈದೆ ವೈನಿಗೆ" ಎಂದರು. ಮುಂದಿನ ವಾರ ಅಕ್ಕನನ್ನು ಜೊತೆಗೆ ಕರೆದುಕೊಂಡು ಆ ತಾಯಿ ತಾಲೂಕಿನ ಆಸ್ಪತ್ರೆಗೆ ಹೋಗಿ ಬಂದರು. ಹಿಂದಿನ ರಾತ್ರಿ ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ, ಹಳೆಯ ಚೀಲವನ್ನೂ ಹಿಡಿದುಕೊಂಡು ಹೋಗಿದ್ದರಂತೆ. "ಈ ಸಲ ತಲಿಗೆ ಏನೂ ಹಚ್ಚಲಿಲ್ಲರೀ ಅಣ್ಣಾರ. ಚೀಲಾನೂ ಬಿಚ್ಚಲಿಲ್ಲ. ಆ ಡಾಕ್ಟರಬಾಯಿ 'ಅವತ್ತ ಹೊಲದಾಗ ಏನಾತವ್ವಾ, ಹೇಳು' ಅಂದ್ರು" ಎಂದು ಫೋನಿನಲ್ಲಿ ಹೇಳಿದರು. ರಾತ್ರಿ ಒಂದು ಗುಳಿಗೆ ಕೊಟ್ಟಿದ್ದಾರೆ, ಹದಿನೈದು ದಿನ ಬಿಟ್ಟು ಮತ್ತೆ ಬರಹೇಳಿದ್ದಾರೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಮಧ್ಯಾಹ್ನ ರೊಟ್ಟಿಯ ಹೊತ್ತಿಗೆ ಮನೆಗೆ ಬರಬಹುದಂತೆ.